ಆನೆಗೊಂದಿಯ ಹರಿಗೋಲು, ಹೊರ್ಮುಜಿನ ಕುದುರೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ಹೆಸರುಗಳನ್ನು ಕೇಳಿದಾಗ ಯೂರೋಪಿನ ಪುನರುಜ್ಜೀವನ ಯುಗವು ಯಾರ ನೆನಪಿಗೂ ಬಾರದು. ಆ ಯುಗವೆಂದರೆ ಫ್ಲಾರೆನ್ಸಿನ ಚಿತ್ರಕಾರರು, ರೋಮಿನ ಪೋಪರು, ಲಿಸ್ಬನ್ನಿನ ನಾವಿಕರು ಎಂದೇ ನಾವು ಪಾಠಪುಸ್ತಕದಲ್ಲಿ ಓದಿಕೊಂಡು ಬಂದವರು. ಆದರೆ ಕೃಷ್ಣಾ ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡಿನ ಹಣೆಬರಹವನ್ನು ಒಂದು ಶತಮಾನಕ್ಕೂ ಮಿಕ್ಕಿ ತಿದ್ದಿ ಬರೆದವರಲ್ಲಿ ಆ ನಾವಿಕರೂ ಸೇರಿದ್ದರು.

ಮೊದಲು ಬಂದವನು ವೆನಿಸ್ ಪ್ರಾಂತದ ವರ್ತಕ ನಿಕೊಲೊ ಕೊಂಟಿ. 15ನೆಯ ಶತಮಾನದ ಮೊದಲ ಭಾಗದಲ್ಲಿ ಅವನು ವಿಜಯನಗರವನ್ನು ಕಂಡನು. ಬೆಟ್ಟಗಳ ಮೇಲೇರಿ ಹೋಗುವ ಕೋಟೆಗೋಡೆಗಳನ್ನೂ, ಅರಿಸಿನದ ಬಣ್ಣದ ನೀರನ್ನು ಅರಸನ ಮೇಲೂ ಎರಚುವ ಓಕುಳಿಯನ್ನೂ, ಹಗಲಿರುಳು ಎಣ್ಣೆಯ ದೀಪಗಳುರಿಯುವ ಹಬ್ಬವನ್ನೂ ಅವನು ನೆನಪಿಟ್ಟುಕೊಂಡನು. ಆ ನೆನಪು ಕಾಗದಕ್ಕೆ ಇಳಿದ ಬಗೆ ಸ್ವಾರಸ್ಯವಾದುದು. ಹಿಂದಿರುಗುವ ಹಾದಿಯಲ್ಲಿ, ಹೆಂಡತಿ ಮಕ್ಕಳ ಪ್ರಾಣಭಯದಿಂದ, ಕೊಂಟಿ ತನ್ನ ಕ್ರೈಸ್ತಧರ್ಮವನ್ನು ಬಿಡಬೇಕಾಗಿ ಬಂದಿತ್ತು. ಊರಿಗೆ ಮರಳಿದ ಮೇಲೆ ಪೋಪ್ ನಾಲ್ಕನೆಯ ಯೂಜೀನನಲ್ಲಿ ಕ್ಷಮೆ ಬೇಡಿದನು. ಕಂಡದ್ದನ್ನೆಲ್ಲ ಪೋಪನ ಕಾರ್ಯದರ್ಶಿ ಪೊಜ್ಜೊ ಬ್ರಾಚ್ಚೊಲಿನಿಗೆ ನಿಜವಾಗಿ ಹೇಳಬೇಕೆಂಬುದೇ ಅವನಿಗೆ ವಿಧಿಸಿದ ಪ್ರಾಯಶ್ಚಿತ್ತವಾಯಿತು. ಪೊಜ್ಜೊ ಅದನ್ನು ಲ್ಯಾಟಿನ್ನಿನಲ್ಲಿ ಬರೆದನು. ಹೀಗೆ ತುಂಗಭದ್ರೆಯ ದಂಡೆಯ ದೀಪಾವಳಿ, ಒಬ್ಬ ಪಾಪಿಯ ಪ್ರಾಯಶ್ಚಿತ್ತದ ನೆಪದಲ್ಲಿ, ಯೂರೋಪಿನ ಪಂಡಿತರ ಓದುಮನೆಯನ್ನು ಸೇರಿತು.

ಕೊಂಟಿ ಬಂದದ್ದು ಸರಕನ್ನರಸಿ. ಅವನ ತರುವಾಯ ಬಂದ ಪೋರ್ತುಗೀಜರ ಕೈಯಲ್ಲಿ ಸರಕಿನೊಡನೆ ರಾಜಕಾರಣವೂ ಇದ್ದಿತು. ಆ ರಾಜಕಾರಣದ ಹೆಸರು ಕುದುರೆ. ದಖನ್ನಿನ ಹವೆಗೆ ಒಳ್ಳೆಯ ಯುದ್ಧದ ಕುದುರೆಗಳ ತಳಿ ಬೆಳೆಯದು. ಅವು ಅರಬ್ಬೀ ನಾಡಿನಿಂದಲೂ ಹೊರ್ಮುಜಿನಿಂದಲೂ ಹಡಗೇರಿ ಬರಬೇಕು. ವಿಜಯನಗರದರಸು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು, ತಾನೇ ಕುದುರೆ ವ್ಯಾಪಾರಿಯಾಗಿದ್ದ ಫೆರ್ನಾವ್ ನ್ಯೂನಿಜ್ ಬರೆದಿದ್ದಾನೆ. ಸಾಳುವ ನರಸಿಂಹನ ಕಾಲದಲ್ಲಂತೂ ಕಡಲಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ಣ ಬೆಲೆ ಸಿಗುತ್ತಿತ್ತಂತೆ! ವ್ಯಾಪಾರಿಯ ಬಾಯಲ್ಲಿ ಬಂದ ಮಾತು. ಕೊಂಚ ಹಿಗ್ಗಿದ್ದರೂ ಇರಬಹುದು. ಆದರೆ ಬಾಲಕ್ಕೆ ಬೆಲೆ ಕಟ್ಟಿದ ಅರಸನ ಮನಸ್ಸಿನ ಆತಂಕ ಸುಳ್ಳಲ್ಲ. ಕುದುರೆ ಯಾರ ಲಾಯಕ್ಕೆ ಹೋಗುವುದೋ ಎಡೆದೊರೆ ನಾಡು ಅವರದು.

ಈ ಗುಟ್ಟನ್ನು ಚೆನ್ನಾಗಿ ಅರಿತವನು ಅಲ್ಬುಕರ್ಕ್. 1510ರಲ್ಲಿ ಅವನು ಫ್ರಾನ್ಸಿಸ್ಕನ್ ಪಂಥದ ಸನ್ಯಾಸಿ ಲೂಯಿ ಎಂಬವನನ್ನು ಕೃಷ್ಣದೇವರಾಯನಲ್ಲಿಗೆ ರಾಯಭಾರಿಯಾಗಿ ಕಳುಹಿಸಿದನು. ಕಲ್ಲಿಕೋಟೆಯ ಸಾಮೂದಿರಿಯ ಮೇಲೆ ರಾಯನು ನೆಲದಿಂದ ದಂಡೆತ್ತಬೇಕು. ಪ್ರತಿಯಾಗಿ ಹೊರ್ಮುಜಿನ ಕುದುರೆಗಳು ಭಟ್ಕಳಕ್ಕೋ ರಾಯನು ಬಯಸಿದ ಬಂದರಿಗೋ ಬರುವುವು, ಬಿಜಾಪುರಕ್ಕೆ ಹೋಗವು ಎಂಬುದು ಸಂದೇಶ. ಪಾದ್ರಿಯ ಜೋಳಿಗೆಯಲ್ಲಿ ಶಿಲುಬೆಯ ಜೊತೆಗೆ ಕುದುರೆಯ ಲೆಕ್ಕವೂ ಇದ್ದಿತೆನ್ನಬೇಕು. ಪಾಪ, ಆ ಸನ್ಯಾಸಿ ವಿಜಯನಗರದಲ್ಲಿಯೇ ಕೊಲೆಯಾಗಿ ಹೋದನು. ಅದೇ ವರ್ಷ ಗೋವೆ ಪೋರ್ತುಗೀಜರ ವಶವಾಯಿತು. ಅಲ್ಲಿಂದ ಮುಂದೆ ಕೊಪ್ಪಳ ಕುಷ್ಟಗಿಗಳ ಒಡೆತನದ ಪ್ರಶ್ನೆಗೂ ಗೋವೆಯ ಹಡಗುಕಟ್ಟೆಗೂ ಕಾಣದ ಹಗ್ಗವೊಂದು ಬಿಗಿಯಿತು. 1547ರಲ್ಲಿ ಸದಾಶಿವರಾಯನ ಸರ್ಕಾರ ಪೋರ್ತುಗೀಜರೊಡನೆ ಮಾಡಿಕೊಂಡ ಒಪ್ಪಂದದಲ್ಲಿಯೂ ಕುದುರೆಯೇ ಮುಖ್ಯ ವಿಷಯ.

1520ರ ರಾಯಚೂರು ಯುದ್ಧಕ್ಕೆ ಹೊರಟ ಕೃಷ್ಣದೇವರಾಯನ ದಂಡನ್ನು ನ್ಯೂನಿಜ್ ಎಣಿಸಿದ್ದಾನೆ: ಕಾಲಾಳು 7,03,000, ಕುದುರೆ 32,600, ಆನೆ 551. ಅವನು ಬಂದದ್ದು ಯುದ್ಧವಾಗಿ ಸುಮಾರು ಹದಿನೈದು ವರ್ಷಗಳ ಮೇಲೆ. ಆದುದರಿಂದ ಈ ಅಂಕಿಗಳನ್ನು ಪಂಚಾಂಗದಂತೆ ನಂಬಬೇಕಾಗಿಲ್ಲ. ಕೋಟೆಯ ಮುತ್ತಿಗೆಯಲ್ಲಿ ಕ್ರಿಸ್ತೋವಾವ್ ದ ಫಿಗೆರೇದೊ ಎಂಬ ಪೋರ್ತುಗೀಜನೂ ಅವನ ಬಂದೂಕಿನವರೂ ಗೋಡೆಯ ಮೇಲಿನ ಕಾವಲಿನವರನ್ನು ಗುರಿಯಿಟ್ಟು ಕೆಡವಿದರೆಂದು ಅವನು ಹೆಮ್ಮೆಯಿಂದ ಹೇಳುತ್ತಾನೆ. ನಮ್ಮ ಇತಿಹಾಸಕಾರರು ಈ ಮಾತನ್ನು ಬಹಳ ಸಲ ಎತ್ತಿ ಆಡಿದ್ದಾರೆ. ಅವನೇ ಹೇಳುವ ಮತ್ತೊಂದು ಸಂಗತಿಯನ್ನು ಅಷ್ಟಾಗಿ ಯಾರೂ ಗಮನಿಸುವುದಿಲ್ಲ. ದಂಡಿನೊಡನೆ ತೊಗಲಚೀಲ ಹೊತ್ತ 12,000 ಮಂದಿ ನೀರಿನವರು ನಡೆದರಂತೆ. ಹಾದಿಯಲ್ಲಿ ತೆಳುವಾಗಿ ಹರಿಯುವ ಹೊಳೆ ಸಿಕ್ಕಿದರೆ, ಅರ್ಧ ಸೈನ್ಯ ದಾಟುವಷ್ಟರಲ್ಲಿ ನೀರೆಲ್ಲ ಮುಗಿದು, ಹಿಂದೆ ಬಂದವರು ಮರಳಿನಲ್ಲಿ ಗುಂಡಿ ತೋಡಬೇಕಾಯಿತಂತೆ. ದಂಡು ಮುಂದೆ ಸಾಗಿತು. ಬತ್ತಿದ ಹೊಳೆಯ ದಂಡೆಯಲ್ಲಿ ಉಳಿದ ಊರಿನವರು ಏನು ಕುಡಿದರು? ಅದನ್ನು ಕೇಳುವುದು ನ್ಯೂನಿಜನ ಕೆಲಸವಾಗಿರಲಿಲ್ಲ. ಅದು ನಮ್ಮ ಕೆಲಸ.

ಈ ವಿದೇಶಿಯರು ನಮ್ಮ ದಡದ ಬಗೆಗೆ ಕಣ್ಣಾರೆ ಕಂಡು ಬರೆದದ್ದು ಕಡಮೆ. ಫಿಗೆರೇದೊನ ಸಂಗಡ ಬಂದಿದ್ದ ಡೊಮಿಂಗೊ ಪಾಯೆಸ್ ಮಾತ್ರ ನದಿಯಾಚೆಗೊಮ್ಮೆ ದೃಷ್ಟಿ ಹಾಯಿಸಿದನು. ಆನೆಗೊಂದಿ ಅವನ ಕಿವಿಗೆ ‘ಸೆನಗುಂದಿಂ’ ಎಂದು ಕೇಳಿಸಿತು. ಅದು ಹಳೆಯ ರಾಜಧಾನಿ, ಈಗ ಜನ ಕಡಮೆ ಎಂದನು. ದಾಟುವ ದೋಣಿಗಳು ಬುಟ್ಟಿಯಂತೆ ದುಂಡಗಿವೆ. ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ. ನೇರವಾಗಿ ಸಾಗದೆ ಸುತ್ತುತ್ತಲೇ ಇರುತ್ತವೆ ಎಂದನು. ನಮ್ಮ ಹರಿಗೋಲನ್ನು ಇದಕ್ಕಿಂತ ಚೆನ್ನಾಗಿ ಯಾರು ಬಣ್ಣಿಸಿಯಾರು? ತೊಗಲಿನ ಜಾಗದಲ್ಲಿ ಇಂದು ಪ್ಲಾಸ್ಟಿಕ್ಕೂ ಡಾಂಬರೂ ಬಂದಿವೆ. ಸುತ್ತುವ ಚಾಳಿ ಮಾತ್ರ ಬಿಟ್ಟಿಲ್ಲ.

ಕೇಳಿ ಬರೆದದ್ದರಲ್ಲಿ ಎಡವಿದ್ದೂ ಉಂಟು. ತುಘಲಕನು ಆನೆಗೊಂದಿಯನ್ನು ಮುತ್ತಿದ್ದು 1230ರಲ್ಲಿ ಎನ್ನುತ್ತಾನೆ ನ್ಯೂನಿಜ್. ಕಂಪಿಲಿ ರಾಜ್ಯ ಬಿದ್ದದ್ದು 1327ರ ಸುಮಾರಿಗೆ. ಒಂದು ಶತಮಾನವೇ ತಪ್ಪಿತು. ಆದರೆ ಸೋತು ಸತ್ತ ಅರಸನನ್ನೂ, ಸೆರೆಯಾದ ಮಂತ್ರಿಯನ್ನೂ ಜನ ಇನ್ನೂರು ವರ್ಷಗಳ ತರುವಾಯವೂ ನೆನೆಯುತ್ತಿದ್ದರೆಂಬುದಕ್ಕೆ ಅವನ ಬರಹವೇ ಸಾಕ್ಷಿ. ಅದೇ 16ನೆಯ ಶತಮಾನದಲ್ಲಿ ನಂಜುಂಡಕವಿ, ಗಂಗಾವತಿ ಸೀಮೆಯ ಕುಮ್ಮಟದುರ್ಗದ ಕುಮಾರರಾಮನ ಕಥೆಯನ್ನು ಸಾಂಗತ್ಯದಲ್ಲಿ ಹಾಡಿದನು. ಕುದುರೆ ವ್ಯಾಪಾರಿಗೆ ಇಸವಿ ತಪ್ಪಿತು, ಕವಿಗೆ ಇಸವಿಯೇ ಬೇಕಿರಲಿಲ್ಲ. ಇಬ್ಬರೂ ಕೂಡಿ ಹೇಳುವುದು, ಈ ಬೆಟ್ಟಗಳ ಸೋಲನ್ನು ನಾಡು ಮರೆತಿರಲಿಲ್ಲ ಎಂದು.

1565ರಲ್ಲಿ ವಿಜಯನಗರ ಬಿದ್ದಿತು. ಎರಡು ವರ್ಷಗಳ ಮೇಲೆ ಗೋವೆಯ ಕುದುರೆ ವ್ಯಾಪಾರಿಗಳ ಸಂಗಡ ಬಂದ ವೆನಿಸ್ಸಿನ ಸೀಸರ್ ಫ್ರೆಡರಿಕ್, ಮನೆಗಳು ನಿಂತಿವೆ, ಒಳಗೆ ಹುಲಿಗಳಿವೆ ಎಂದನು. ತಿರುಮಲರಾಯನು ಕುದುರೆಗಳನ್ನು ಕೊಂಡು ಹಣ ಕೊಡಲಿಲ್ಲವೆಂದೂ ಬರೆದನು. ಬಾಲಕ್ಕೆ ಬೆಲೆ ಕಟ್ಟಿದ ನಾಡು ಜೀವಂತ ಕುದುರೆಗೆ ಬೆಲೆ ಕೊಡಲಾರದಾಯಿತು. ಒಂದು ಸಾಮ್ರಾಜ್ಯದ ಕಥೆ ಅಷ್ಟರಲ್ಲೇ ಇದೆ.

ಪಾಯೆಸ್, ನ್ಯೂನಿಜರ ಬರಹಗಳು ಪ್ಯಾರಿಸಿನ ಗ್ರಂಥಾಲಯದಲ್ಲಿ ಬಹುಕಾಲ ಮಲಗಿದ್ದು, 1897ರಲ್ಲಿ ಲಿಸ್ಬನ್ನಿನಲ್ಲಿ ಡೇವಿಡ್ ಲೋಪೆಸನಿಂದ ಅಚ್ಚಾದುವು. 1900ರಲ್ಲಿ ರಾಬರ್ಟ್ ಸೂಯೆಲ್ ಅವನ್ನು ಇಂಗ್ಲಿಷಿಗೆ ತಂದನು. ಆ ಉಪಕಾರವನ್ನು ನೆನೆಯೋಣ. ಆದರೆ ಅವರು ಬರೆದದ್ದು ಅರಮನೆ, ಪೇಟೆ, ಲಾಯಗಳ ಚರಿತ್ರೆ. ಎಡೆದೊರೆಯ ನಿಜವಾದ ಚರಿತ್ರೆ ನೀರಿನದು. 1953ರಲ್ಲಿ ಮುನಿರಾಬಾದಿನಲ್ಲಿ ಅಣೆಕಟ್ಟು ನಿಂತ ಮೇಲೆ ಗಂಗಾವತಿ ಭತ್ತದ ಸೀಮೆಯಾಯಿತು. ಕುಷ್ಟಗಿ, ಯಲಬುರ್ಗಾಗಳ ಹೊಲಗಳಲ್ಲಿ ಬಹುಪಾಲು ಇಂದಿಗೂ ಮುಗಿಲನ್ನೇ ನೋಡುತ್ತಿವೆ. ಮರಳಿನಲ್ಲಿ ಗುಂಡಿ ತೋಡಿದ ಆ ಸೈನಿಕರ ಬಾಯಾರಿಕೆ ಒಂದು ದಿನದ್ದು. ಆ ನೆಲದ ಒಕ್ಕಲಿಗನದು ಐದು ಶತಮಾನ ದಾಟಿದರೂ ಇನ್ನೂ ಪೂರ್ತಿ ತೀರಿಲ್ಲ.