ಬೀಸೆಕಲ್ಲಿನಿಂದ ಸೇವಾರಸ್ತೆಗೆ: ಮಂಡ್ಯ ಸೀಮೆಯ ಸೈಕಲ್ಲು

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಹಳ್ಳಿಗರ ಕಿವಿಗೆ ಬೈಸಿಕಲ್ಲು ‘ಬೀಸೆಕಲ್ಲು’ ಎಂದು ಕೇಳಿಸುತ್ತದೆ. ಇದನ್ನು ಬರಿಯ ಹಾಸ್ಯವೆಂದು ದಾಟಿಹೋಗುವವರೇ ಹೆಚ್ಚು. ಭಾಷಾಭ್ಯಾಸಿಗಳಿಗಾದರೆ ಇದು ಜನಪದ ನಿಷ್ಪತ್ತಿಯ ಸೊಗಸಾದ ಮಾದರಿ: ಅಪರಿಚಿತ ಶಬ್ದವೊಂದು ಮನೆಯೊಳಗಿನ ದುಂಡನೆಯ, ತಿರುಗುವ ವಸ್ತುವನ್ನು ಆತುಕೊಂಡು ಅರ್ಥ ಪಡೆಯಿತು. ಅಲ್ಲಿ ಸೈಕಲ್ಲಿನ್ನೂ ಬೆರಗಿನ ವಾಹನ. ಅದು ನಿತ್ಯಜೀವನದ ಸಾಧನವಾದ ಬಗೆಯನ್ನರಿಯಲು ಮಲೆಯಿಳಿದು ಮಂಡ್ಯ, ಮದ್ದೂರು, ಮಳವಳ್ಳಿಗಳ ನಾಲಾ ಬಯಲಿಗೆ ಬರಬೇಕು.

1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ, ಅದರಿಂದ ಹೊರಟ ಇರ್ವಿನ್ ನಾಲೆ (ಇಂದಿನ ವಿಶ್ವೇಶ್ವರಯ್ಯ ನಾಲೆ), 1933ರ ಮೈಸೂರು ಸಕ್ಕರೆ ಕಂಪನಿ, 1939ರಲ್ಲಿ ರೂಪುಗೊಂಡ ಮಂಡ್ಯ ಜಿಲ್ಲೆ – ಇವನ್ನು ನೀರಾವರಿಯ, ಆಡಳಿತದ ಇತಿಹಾಸವಾಗಿ ಓದುವುದು ರೂಢಿ. ಇವು ಸಂಚಾರದ ಇತಿಹಾಸವೂ ಹೌದು. ಸಂತೆಗೋ ಜಾತ್ರೆಗೋ ಊರು ಬಿಡುತ್ತಿದ್ದ ರೈತನಿಗೆ ಕಾರ್ಖಾನೆ, ಕಚೇರಿ, ನ್ಯಾಯಾಲಯಗಳಿಗೆ ಮತ್ತೆ ಮತ್ತೆ ಹೋಗಬೇಕಾದ ಅಗತ್ಯ ಒದಗಿತು. ನಾಲ್ಕಾರು ಮೈಲಿಯ ದೂರ ನಡೆಯಲು ಹೆಚ್ಚು, ಬಂಡಿ ಕಟ್ಟಲು ಕಡಿಮೆ. ಬಸ್ಸು ಹೆದ್ದಾರಿ ಬಿಟ್ಟು ಬಾರದು. ನಾಲೆಯ ಏರಿಯಾದರೋ ಸಮತಟ್ಟು. ಸ್ವಾತಂತ್ರ್ಯಾನಂತರ ಮದರಾಸಿನಲ್ಲಿ ಟಿಐ ಸೈಕಲ್ಸ್ (1949), ಸೋನಿಪತ್ತಿನಲ್ಲಿ ಅಟ್ಲಾಸ್ (1951) ತಲೆಯೆತ್ತಿ, ವಿಲಾಯಿತಿಯ ವಸ್ತು ಸ್ವದೇಶಿಯಾಯಿತು. ಪೇಟೆಯಲ್ಲಿ ಗಂಟೆಯ ಲೆಕ್ಕದ ಬಾಡಿಗೆ ಅಂಗಡಿಗಳು, ಪುರಸಭೆಯ ತೆರಿಗೆಯ ಲೋಹದ ಬಿಲ್ಲೆ, ದೀಪವಿಲ್ಲದ ಸವಾರನಿಗೆ ದಂಡ – ಸೈಕಲ್ಲು ರಾಜ್ಯಾಡಳಿತದ ಕಣ್ಣಿಗೆ ಬೀಳುವಷ್ಟು ದೊಡ್ಡದಾಗಿತ್ತು.

ವರದಕ್ಷಿಣೆಯ ಪಟ್ಟಿಯಲ್ಲಿ ಕೈಗಡಿಯಾರ, ರೇಡಿಯೊಗಳ ಜೊತೆಗೆ ಸೈಕಲ್ಲೂ ಇತ್ತೆಂಬುದು ಹೆಮ್ಮೆಯ ಸಂಗತಿಯಲ್ಲ. ಆದರೂ ಅಂದಿನ ಅಂತಸ್ತಿನ ಅಳತೆಗೋಲು ಅದು. ಮುಂದೆ ಆ ಸ್ಥಾನಕ್ಕೆ ಮೋಟಾರುಬೈಕು ಬಂದಿತು. ಒಂದು ತಲೆಮಾರಿಗೆ ಸಿರಿಯ ಗುರುತಾಗಿದ್ದುದು ಮುಂದಿನ ತಲೆಮಾರಿಗೆ ಬಡತನದ ಗುರುತಾಯಿತು. ಊರಿಂದ ಹಾಲಿನ ಸೊಸೈಟಿಗೆ, ನ್ಯಾಯಬೆಲೆ ಅಂಗಡಿಗೆ, ಗದ್ದೆಗೆ ಇರುವ ದೂರವಾದರೋ ಒಂದು ಫರ್ಲಾಂಗೂ ಬೆಳೆದಿಲ್ಲ. ಐದು ಕಿಲೋಮೀಟರಿನ ದಾರಿ ಸೈಕಲ್ಲಿಗೆ ಇಂದಿಗೂ ಅರ್ಧ ಗಂಟೆಯೊಳಗಿನದು. ಸೈಕಲ್ಲನ್ನು ಹಿಂದಕ್ಕೆ ಸರಿಸಿದ್ದು ದೂರಕ್ಕಿಂತ ಹೆಚ್ಚಾಗಿ ಮರ್ಯಾದೆಯ ಕಲ್ಪನೆ ಎಂದೇ ನನ್ನ ಎಣಿಕೆ.

ಈ ಇಳಿಮುಖದ ನಡುವೆಯೇ 2006–07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿತು. ಪ್ರಾಥಮಿಕ ಶಾಲೆ ಊರಲ್ಲಿ, ಪ್ರೌಢಶಾಲೆ ಪಕ್ಕದ ಊರಲ್ಲಿ ಎಂಬ ಸ್ಥಿತಿಯಲ್ಲಿ ಓದು ನಿಲ್ಲುತ್ತಿದ್ದುದು ಹೆಚ್ಚಾಗಿ ಹೆಣ್ಣುಮಕ್ಕಳದೇ. ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನವು ಹೆಂಗಸರಿಗೆ ಅಕ್ಷರದೊಡನೆ ಸೈಕಲ್ಲನ್ನೂ ಕಲಿಸಿದ್ದನ್ನು ಇಲ್ಲಿ ನೆನೆಯಬಹುದು. ಗಂಡುಸವಾರನ ಅಡ್ಡಕಂಬಿಯ ಮೇಲೋ ಹಿಂದಿನ ಕ್ಯಾರಿಯರಿನ ಮೇಲೋ ಕೂರುತ್ತಿದ್ದ ಹುಡುಗಿ ಹ್ಯಾಂಡಲ್ ಹಿಡಿದದ್ದು ಸಣ್ಣ ಪಲ್ಲಟವಲ್ಲ. ಕೋವಿಡ್ ಕಾಲದಲ್ಲಿ ಕರ್ನಾಟಕದ ಈ ವಿತರಣೆ ನಿಂತಿತು.

2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಗೊಂಡಿತು. ಮಂಡ್ಯ ಹಾಲು ಒಕ್ಕೂಟದ ಡೇರಿ ಇರುವುದೂ ಗೆಜ್ಜಲಗೆರೆಯಲ್ಲಿಯೇ. ಅದೇ ಆಗಸ್ಟ್ 1ರಿಂದ ಮುಖ್ಯ ಆರು ಪಥಗಳಿಗೆ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೂ ಟ್ರ್ಯಾಕ್ಟರಿಗೂ ಯಂತ್ರರಹಿತ ವಾಹನಗಳಿಗೂ ಪ್ರವೇಶ ನಿಷಿದ್ಧವಾಯಿತು. ಆ ವೇಗದ ನಡುವೆ ಸೈಕಲ್ಲು ಸಲ್ಲದೆಂಬುದು ನಿಜ; ನಿಷೇಧವನ್ನು ನಾನು ಆಕ್ಷೇಪಿಸಲಾರೆ. ಆಕ್ಷೇಪ ಇರುವುದು ಉಳಿದ ದಾರಿಯ ಬಗೆಗೆ. ಸೇವಾರಸ್ತೆಯಲ್ಲಿ ಸೈಕಲ್ಲು, ಆಟೊ, ಕಬ್ಬಿನ ಗಾಡಿ, ಬೈಕುಗಳೆಲ್ಲ ಒಟ್ಟಿಗೆ ನುಗ್ಗಬೇಕು. ಎದುರಿಗೆ ಕಾಣುವ ಗದ್ದೆಗೆ ಕೆಳಸೇತುವೆಯವರೆಗೆ ಸುತ್ತಿ ಹೋಗಬೇಕು. ಮಗಳನ್ನು ಈ ದಾರಿಯಲ್ಲಿ ಸೈಕಲ್ಲಿನಲ್ಲಿ ಕಳುಹಿಸಲು ಅಂಜುವ ತಾಯಿತಂದೆಯರನ್ನು ಯಾರೂ ದೂರುವಂತಿಲ್ಲ. ನೆರೆಯ ಮೈಸೂರಿನಲ್ಲಿ 2017ರಲ್ಲಿಯೇ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ಸೇವೆ ಸುಮಾರು 450 ಸೈಕಲ್ಲುಗಳೊಡನೆ ಆರಂಭವಾಗಿತ್ತು. ನಗರದಲ್ಲಿ ಪ್ರಗತಿಯ ಚಿಹ್ನೆಯಾದದ್ದು ಹಳ್ಳಿಯಲ್ಲಿ ಹಿಂದುಳಿದಿರುವಿಕೆಯ ಚಿಹ್ನೆ!

ಸಂಶೋಧನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಪುರಸಭೆಯ ಬಿಲ್ಲೆಗಳು, ಬಾಡಿಗೆ ಅಂಗಡಿಗಳ ಲೆಕ್ಕದ ಪುಸ್ತಕಗಳು, ಪಂಕ್ಚರ್ ಹಾಕುವ ಹಿರಿಯರ ನೆನಪುಗಳು ಯಾವ ಪತ್ರಾಗಾರಕ್ಕೂ ತಾವಾಗಿ ಬಂದು ಸೇರುವುದಿಲ್ಲ. ಮಳವಳ್ಳಿ, ಮದ್ದೂರಿನ ಪೇಟೆಬೀದಿಗಳಲ್ಲಿ ಇವನ್ನು ಕೇಳಿ ಬರೆದುಕೊಳ್ಳಬೇಕಾದದ್ದು ಗುಜರಿಯವನು ಬರುವುದಕ್ಕೆ ಮೊದಲು.