ಭೇಕೆ ಹೆಡರ್ ಮೇಲೋ, ಛೆಟ್ರಿ ಫ್ರೀ ಕಿಕ್ ಮೇಲೋ? ಬಿಎಫ್‌ಸಿ ಅಭಿಮಾನಿಗಳ ಮುಗಿಯದ ವಾದದ ಹಿಂದಿರುವ ಗೋಲುಗಳು ಇವು

ಬೆಂಗಳೂರು ಫುಟ್‌ಬಾಲ್ ಕ್ಲಬ್‌ನ ಅಭಿಮಾನಿಗಳು ನಾಲ್ಕು ಜನ ಸೇರಿದರೆ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಕ್ಲಬ್‌ನ ಅತ್ಯುತ್ತಮ ಗೋಲು ಯಾವುದು? ಹೆಚ್ಚಿನವರು ಸುನಿಲ್ ಛೆಟ್ರಿ ಹೆಸರು ಹೇಳುತ್ತಾರೆ. ಆದರೆ ಛೆಟ್ರಿಯ ಯಾವ ಗೋಲು ಎಂದು ಕೇಳಿದ ತಕ್ಷಣ ಒಮ್ಮತ ಮುರಿದು ಬೀಳುತ್ತದೆ. ಇನ್ನು ಕೆಲವರು ಛೆಟ್ರಿಯನ್ನೇ ಬಿಟ್ಟು ರಾಹುಲ್ ಭೇಕೆ ಎನ್ನುತ್ತಾರೆ. ಆಟ ಅಷ್ಟಾಗಿ ಗೊತ್ತಿಲ್ಲದವರಿಗೆ ಇದು ಬರೀ ಹರಟೆ ಅನ್ನಿಸಬಹುದು. ಆದರೆ ನೂರು ವರ್ಷದ ಇತಿಹಾಸವಿರುವ ಕೋಲ್ಕತ್ತದ ಕ್ಲಬ್‌ಗಳ ಎದುರು 2013ರಲ್ಲಿ ಹುಟ್ಟಿದ ಕ್ಲಬ್ ಒಂದು ತನ್ನದೇ ನೆನಪು ಕಟ್ಟಿಕೊಂಡಿದ್ದು ಇಂಥ ವಾದಗಳಿಂದಲೇ.

ಬಿಎಫ್‌ಸಿ ಜೆಎಸ್‌ಡಬ್ಲ್ಯು ಸಮೂಹದ ಒಡೆತನದ ಕ್ಲಬ್. 2013ರ ಜುಲೈನಲ್ಲಿ ಆರಂಭವಾಗಿ, ಅದೇ ಸೆಪ್ಟೆಂಬರ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ 1-1 ಡ್ರಾ ಮೂಲಕ ಐ-ಲೀಗ್ ಪ್ರವೇಶಿಸಿತು. ಆಷ್ಲೆ ವೆಸ್ಟ್‌ವುಡ್ ತರಬೇತಿಯಲ್ಲಿ ಮೊದಲ ಋತುವಿನಲ್ಲೇ ಲೀಗ್ ಗೆದ್ದು ಎಲ್ಲರ ಹುಬ್ಬೇರಿಸಿತು. ಆಗ ಪಂದ್ಯಗಳು ನಡೆಯುತ್ತಿದ್ದುದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ. 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಅಭಿಮಾನಿ ಬಳಗ ಕಣ್ಣು ಬಿಟ್ಟಿದ್ದು ಅಲ್ಲೇ. 90 ನಿಮಿಷವೂ ನಿಂತೇ ಹಾಡುವುದು ಇವರ ಪದ್ಧತಿ. ಮುಂದಿನ ಋತುವಿಗೆ ಕ್ಲಬ್ ಕಂಠೀರವಕ್ಕೆ ಬಂದಾಗ ಬಳಗವೂ ಜೊತೆಗೆ ಬಂತು. ಅಥ್ಲೆಟಿಕ್ಸ್ ಟ್ರ್ಯಾಕ್ ನಡುವೆ ಇರುವುದರಿಂದ ಕಂಠೀರವದಲ್ಲಿ ಆಟಗಾರರು ದೂರವಾದರು ಎಂಬುದು ಹಳಬರ ಕೊರಗು.

ಸೋಲಿನಿಂದ ಶುರುವಾಗುವ ಪಟ್ಟಿ

ವಿಚಿತ್ರವೆಂದರೆ, ಹಳೆಯ ಅಭಿಮಾನಿಗಳು ಮೊದಲು ನೆನೆಯುವುದು ಬಿಎಫ್‌ಸಿ ಹೊಡೆದ ಗೋಲನ್ನಲ್ಲ, ಬಿಟ್ಟುಕೊಟ್ಟ ಗೋಲನ್ನು. 2015ರ ಮೇ 31ರಂದು ಕಂಠೀರವದಲ್ಲಿ ಐ-ಲೀಗ್‌ನ ಕೊನೆಯ ಪಂದ್ಯ. ಎದುರಾಳಿ ಮೋಹನ್ ಬಾಗಾನ್. ಗೆದ್ದರೆ ಪ್ರಶಸ್ತಿ ಬೆಂಗಳೂರಿಗೆ, ಡ್ರಾ ಆದರೆ ಕೋಲ್ಕತ್ತಕ್ಕೆ. ಮೊದಲಾರ್ಧದಲ್ಲಿ ಜಾನ್ ಜಾನ್ಸನ್ ಗೋಲಿನಿಂದ ಬಿಎಫ್‌ಸಿ ಮುನ್ನಡೆಯಲ್ಲಿತ್ತು. ಪಂದ್ಯ ಮುಗಿಯಲು ಕೆಲವೇ ನಿಮಿಷ ಇರುವಾಗ, 87ನೇ ನಿಮಿಷದಲ್ಲಿ, ಬೆಲ್ಲೊ ರಜಾಕ್ ಹೆಡರ್‌ನಿಂದ ಸಮಬಲ ಸಾಧಿಸಿದರು. 13 ವರ್ಷಗಳ ಬಳಿಕ ಬಾಗಾನ್ ಲೀಗ್ ಗೆದ್ದಿತು. 'ಬೆಲ್ಲೊ ಗೋಲು ಹೊಡೆದಾಗ ನೀನು ಎಲ್ಲಿದ್ದೆ?' ಎಂಬ ಪ್ರಶ್ನೆಗೆ ಉತ್ತರವಿದ್ದವರೇ ಅಸಲಿ ಅಭಿಮಾನಿಗಳು ಎಂಬ ಮಟ್ಟಕ್ಕೆ ಆ ಸೋಲು ಬಳಗದ ಗುರುತಿನ ಚೀಟಿಯಾಗಿದೆ.

ಅಂದದ ಲೆಕ್ಕದಲ್ಲಿ ನೋಡಿದರೆ 2016ರ ಅಕ್ಟೋಬರ್ 19ರ ಗೋಲಿಗೆ ಪೈಪೋಟಿ ಕೊಡಬಲ್ಲವು ಕಡಿಮೆ. ಅದು ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಲೆಗ್. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೋಹರ್ ದಾರುಲ್ ತಾಝಿಮ್. ಮಲೇಷ್ಯಾದಲ್ಲಿ ನಡೆದ ಮೊದಲ ಲೆಗ್ 1-1 ಆಗಿತ್ತು. ಕಂಠೀರವದಲ್ಲಿ ಮೊದಲು ಗೋಲು ಹೊಡೆದದ್ದೂ ಜೋಹರ್ ತಂಡವೇ. ಛೆಟ್ರಿ ಹೆಡರ್‌ನಿಂದ ಸಮ ಮಾಡಿದರು. ದ್ವಿತೀಯಾರ್ಧದಲ್ಲಿ ಪೆನಾಲ್ಟಿ ಬಾಕ್ಸ್‌ನಿಂದ ಸಾಕಷ್ಟು ದೂರದಲ್ಲಿ ನಿಂತು ಒದ್ದ ಚೆಂಡು ಗೋಲ್‌ಕೀಪರ್‌ಗೆ ಅವಕಾಶವನ್ನೇ ಕೊಡದೆ ಬಲೆ ಸೇರಿತು. ಹುವಾನನ್ ಮೂರನೆಯದನ್ನು ಸೇರಿಸಿದರು. 3-1 ಗೆಲುವಿನೊಂದಿಗೆ ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ಎಂಬ ಹಿರಿಮೆ ಬಿಎಫ್‌ಸಿಯದಾಯಿತು. ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕ್‌ನ ಏರ್ ಫೋರ್ಸ್ ಕ್ಲಬ್ ಎದುರು 0-1ರಿಂದ ಸೋತಿತು ನಿಜ. ಆ ರಾತ್ರಿಯ ಛೆಟ್ರಿ ಗೋಲಿನ ಬೆಲೆಯನ್ನು ಆ ಸೋಲು ಇಳಿಸಿಲ್ಲ.

ಭೇಕೆ ಪರ ವಾದಿಸುವವರು ಅಂದದ ಮಾತಿಗೆ ಹೋಗುವುದೇ ಇಲ್ಲ. ಅವರು ತೆಗೆಯುವುದು ಕ್ಯಾಲೆಂಡರ್. 2018ರ ಮಾರ್ಚ್ 17ರಂದು ಬಿಎಫ್‌ಸಿ ತನ್ನ ಮೊದಲ ಐಎಸ್‌ಎಲ್ ಫೈನಲ್ ಆಡಿತು. ತವರು ಮೈದಾನದಲ್ಲಿ, ಛೆಟ್ರಿ 9ನೇ ನಿಮಿಷದಲ್ಲೇ ಗೋಲು ಹೊಡೆದ ಮೇಲೂ, ಚೆನ್ನೈಯಿನ್ ಎಫ್‌ಸಿಗೆ 2-3ರಿಂದ ಸೋತಿತು. ಸರಿಯಾಗಿ ಒಂದು ವರ್ಷ, 2019ರ ಮಾರ್ಚ್ 17. ಮುಂಬೈ ಅಂಧೇರಿಯ ಮೈದಾನ, ಎದುರಾಳಿ ಎಫ್‌ಸಿ ಗೋವಾ. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ ಗೋವಾ 10 ಆಟಗಾರರಿಗೆ ಇಳಿಯಿತು. 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಕಾರ್ನರ್‌ಗೆ ತಲೆ ಕೊಟ್ಟ ಡಿಫೆಂಡರ್ ಭೇಕೆ ಬಿಎಫ್‌ಸಿಗೆ ಇದುವರೆಗಿನ ಏಕೈಕ ಐಎಸ್‌ಎಲ್ ಕಿರೀಟ ತಂದುಕೊಟ್ಟರು. ಭೇಕೆ ಮುಂಬೈ ಹುಡುಗ ಎಂಬುದು ಅಲ್ಲಿನ ಕನ್ನಡಿಗರು ಈ ಕಥೆಗೆ ತಪ್ಪದೆ ಸೇರಿಸುವ ಒಗ್ಗರಣೆ.

96ನೇ ನಿಮಿಷ ಮತ್ತು ಒಂದು ನಿಯಮ

ಇಷ್ಟೆಲ್ಲ ಇದ್ದರೂ ಅತಿ ಹೆಚ್ಚು ಮಾತಿಗೆ ಆಹಾರವಾದ ಗೋಲು ಮಾತ್ರ 2023ರ ಮಾರ್ಚ್ 3ರದ್ದು. ಬಿಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಐಎಸ್‌ಎಲ್ ನಾಕೌಟ್ ಪಂದ್ಯ. ಗೆದ್ದವರು ಸೆಮಿಫೈನಲ್‌ಗೆ, ಸೋತವರು ಮನೆಗೆ. ನಿಗದಿತ ಸಮಯ 0-0. ಹೆಚ್ಚುವರಿ ಸಮಯದ 96ನೇ ನಿಮಿಷದಲ್ಲಿ ಬಿಎಫ್‌ಸಿಗೆ ಬಾಕ್ಸ್ ಅಂಚಿನ ಬಳಿ ಫ್ರೀ ಕಿಕ್ ಸಿಕ್ಕಿತು. ಕೇರಳದ ಆಟಗಾರರು ಅಡ್ಡಗೋಡೆ ಕಟ್ಟುವ ತಯಾರಿಯಲ್ಲಿದ್ದರು. ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ಅವರನ್ನು ಜೋಡಿಸುತ್ತಿದ್ದರು. ಅಷ್ಟರಲ್ಲಿ ಛೆಟ್ರಿ ಚೆಂಡನ್ನು ಕಾವಲಿಲ್ಲದ ಗೋಲಿಗೆ ಕಳುಹಿಸಿಬಿಟ್ಟರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಎಂದರು.

ಮುಂದೆ ನಡೆದದ್ದು ಐಎಸ್‌ಎಲ್‌ನಲ್ಲಿ ಅದುವರೆಗೆ ಯಾರೂ ಕಾಣದ ದೃಶ್ಯ. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದರು. ಅವರು ಮರಳಲಿಲ್ಲ. ಪಂದ್ಯ ಬಿಎಫ್‌ಸಿ ಪಾಲಾಯಿತು. ಮರುಪಂದ್ಯದ ಬೇಡಿಕೆಯನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಶಿಸ್ತು ಸಮಿತಿ ತಿರಸ್ಕರಿಸಿತು. ಆ ತಿಂಗಳ ಕೊನೆಗೆ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ ಮತ್ತು 5 ಲಕ್ಷ ರೂಪಾಯಿ ದಂಡ ವಿಧಿಸಿತು.

ಅದು ನ್ಯಾಯವಾದ ಗೋಲೇ? ಬೆಂಗಳೂರಿನಿಂದ ಕೊಚ್ಚಿವರೆಗೆ ಇಂದಿಗೂ ಎರಡು ಬಣ. ಪ್ರಶ್ನೆ ನಿಂತಿರುವುದು ಫುಟ್‌ಬಾಲ್‌ನ 13ನೇ ನಿಯಮದ ಮೇಲೆ. ಫ್ರೀ ಕಿಕ್ ವೇಳೆ ಎದುರಾಳಿ ಆಟಗಾರರು ಚೆಂಡಿನಿಂದ ಕನಿಷ್ಠ 9.15 ಮೀಟರ್ ದೂರ ಇರಬೇಕು. ಇದು ಒದೆಯುವ ತಂಡಕ್ಕೆ ಇರುವ ರಕ್ಷಣೆ. ಬೇಡವೆಂದರೆ ಆ ತಂಡ ಕಾಯದೆ ತಕ್ಷಣ ಒದೆಯಬಹುದು. ಅದಕ್ಕೆ ರೆಫರಿಯ ವಿಸಿಲ್ ಬೇಕಿಲ್ಲ. ಆದರೆ ಗೋಡೆಯನ್ನು ಹಿಂದಕ್ಕೆ ಕಳುಹಿಸಿ ಎಂದು ಕೇಳಿದರೆ, ಅಥವಾ ಯಾರಿಗಾದರೂ ಕಾರ್ಡ್ ತೋರಿಸಲು ರೆಫರಿ ಆಟ ತಡೆದರೆ, ಮತ್ತೆ ವಿಸಿಲ್ ಊದುವವರೆಗೆ ಕಾಯಲೇಬೇಕು. ಇನ್ನೂ ಒಂದು ಎಳೆ ಇದೆ. ಪಕ್ಕದಲ್ಲೇ ನಿಂತ ಎದುರಾಳಿ, ಬೇಗ ಒದ್ದ ಚೆಂಡನ್ನು ತಡೆದರೆ ಆಟ ಮುಂದುವರಿಯುತ್ತದೆ. ಒದೆಯುವುದಕ್ಕೇ ಬೇಕೆಂದು ಅಡ್ಡಿ ಮಾಡಿದರೆ ಮಾತ್ರ ಹಳದಿ ಕಾರ್ಡ್. ಅಂದರೆ ನಿಯಮ ಗೋಡೆ ಕಟ್ಟುವವರ ಪರ ಇಲ್ಲವೇ ಇಲ್ಲ.

ತನಗೆ ವಿಸಿಲ್ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ಮೊದಲೇ ಹೇಳಿದ್ದೆ, ಪಕ್ಕದಲ್ಲಿದ್ದ ಬ್ಲಾಸ್ಟರ್ಸ್‌ನ ಆಡ್ರಿಯನ್ ಲೂನಾಗೂ ಅದು ಕೇಳಿಸಿತ್ತು ಎಂಬುದು ಪಂದ್ಯದ ನಂತರ ಛೆಟ್ರಿ ಕೊಟ್ಟ ವಿವರಣೆ. ಒದೆತಕ್ಕೂ ಮೊದಲು ಕಳೆದ ಸಮಯ ಹೆಚ್ಚಾಯಿತು, ಅಷ್ಟರಲ್ಲಿ ಅದು 'ಬೇಗ ಒದೆಯುವ' ಫ್ರೀ ಕಿಕ್ ಆಗಿ ಉಳಿದಿರಲಿಲ್ಲ ಎಂಬುದು ಕೇರಳ ಬಣದ ವಾದ. ಐಎಸ್‌ಎಲ್‌ನಲ್ಲಿ ವಿಎಆರ್ ಇಲ್ಲದ ಕಾರಣ ಮೈದಾನದಲ್ಲಿ ಪರಿಶೀಲಿಸುವ ದಾರಿಯೂ ಇರಲಿಲ್ಲ. ನಿಯಮದ ಅಕ್ಷರ ಹಿಡಿದು ನೋಡಿದರೆ ಛೆಟ್ರಿ ವಾದ ಗಟ್ಟಿ. ಗೋಲ್‌ಕೀಪರ್ ಚೆಂಡಿನಿಂದ ಕಣ್ಣು ತೆಗೆದದ್ದು ಎದುರಾಳಿಯ ತಪ್ಪಲ್ಲ. ಆದರೆ ಈ ಜಗಳ ನಿಯಮದ ಗಡಿಯೊಳಗೆ ನಿಲ್ಲಲಿಲ್ಲ. ಛೆಟ್ರಿ ಕುಟುಂಬದವರೂ ಆನ್‌ಲೈನ್ ನಿಂದನೆ ಎದುರಿಸಬೇಕಾಯಿತು. ಗೋಲಿನ ಸರಿ-ತಪ್ಪು ಎಷ್ಟು ಬೇಕಾದರೂ ಚರ್ಚಿಸಬಹುದು, ಇದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ.

ಈ ಗದ್ದಲದಲ್ಲಿ ಇನ್ನೊಂದು ಸುದ್ದಿಗೆ ಸಿಗಬೇಕಾದ ಜಾಗ ಸಿಗಲಿಲ್ಲ. ಮರುದಿನವೇ, ಮಾರ್ಚ್ 4ರಂದು, ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ರಾಜ್ಯಕ್ಕೆ ಈ ಟ್ರೋಫಿ ಕೊನೆಯ ಬಾರಿ ಬಂದದ್ದು 1968-69ರಲ್ಲಿ, ಇನ್ನೂ ಮೈಸೂರು ರಾಜ್ಯ ಎಂಬ ಹೆಸರಿದ್ದಾಗ. 54 ವರ್ಷಗಳ ಕಾಯುವಿಕೆ ಮುಗಿದ ದಿನ ಊರೆಲ್ಲ ಮಾತಾಡುತ್ತಿದ್ದುದು ವಿಸಿಲ್ ಬಗ್ಗೆ.

ಕ್ಲಬ್‌ಗಿಂತ ಹಳೆಯ ಊರು

ಬೆಂಗಳೂರಿಗೆ ಫುಟ್‌ಬಾಲ್ ತಂದದ್ದೇ ಬಿಎಫ್‌ಸಿ ಎಂಬ ಮಾತು ಆಗಾಗ ಕೇಳಿಬರುತ್ತದೆ. ಹಲಸೂರಿನ ಗೌತಮಪುರದಲ್ಲಿ ನಿಂತು ಹಾಗೆ ಹೇಳಿದರೆ ಏಟು ಬೀಳದಿದ್ದರೆ ಪುಣ್ಯ. ಪೆಲೆ ಪ್ರತಿಮೆ ನಿಲ್ಲಿಸಿರುವ ಕೇರಿ ಅದು. 1937ರಲ್ಲಿ ಮುಂಬೈನ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬ್ಯಾಂಗಳೂರ್ ಮುಸ್ಲಿಮ್ಸ್. ಮರುವರ್ಷ ಅದೇ ಕಪ್ ಮತ್ತೆ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿ ವ್ಯರ್ಥ ಮಾಡಿಕೊಂಡ ಭಾರತ ಆ ಪಂದ್ಯವನ್ನು 1-2ರಿಂದ ಸೋತಿತು. ಅತ್ಯುತ್ತಮ ಗೋಲಿನ ಚರ್ಚೆಗೆ 'ಬಿಎಫ್‌ಸಿಯದ್ದು' ಎಂಬ ಷರತ್ತು ಇಲ್ಲದಿದ್ದರೆ ರಾಮನ್ ಹೆಸರು ಎಲ್ಲರಿಗಿಂತ ಮೇಲೆ ಇರುತ್ತಿತ್ತು.

ಇಂಥ ಹಳೆಯ ಕಥೆಗಳನ್ನು ಅಂಕಿಅಂಶ ಸಮೇತ ಹೇಳಬಲ್ಲ ವೀಕ್ಷಕ ವಿವರಣೆಗಾರರು ಭಾರತದಲ್ಲಿ ಕಡಿಮೆ. ದೆಹಲಿ ವಿಶ್ವವಿದ್ಯಾಲಯದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ನೋವಿ ಕಪಾಡಿಯಾ ಅಂಥವರಲ್ಲಿ ಮೊದಲಿಗರು. 'ಭಾರತೀಯ ಫುಟ್‌ಬಾಲ್‌ನ ಧ್ವನಿ' ಎಂದೇ ಹೆಸರಾಗಿದ್ದ ಅವರು 2021ರ ನವೆಂಬರ್‌ನಲ್ಲಿ ನಿಧನರಾದರು. ಇವತ್ತಿನ ಟಿವಿ ಪರಿಣತರ ಮೇಲೆ ಅಭಿಮಾನಿಗಳ ಆಕ್ಷೇಪ ಬಹುತೇಕ ಒಂದೇ: ಯುರೋಪಿನ ಲೀಗ್‌ಗಳ ಅಳತೆಗೋಲು ಹಿಡಿದು ಇಲ್ಲಿನ ಆಟವನ್ನು ಅಳೆಯುತ್ತಾರೆ. ಹಾಗೆ ಆಕ್ಷೇಪಿಸುವವರ ಪೈಕಿ ಎಷ್ಟು ಮಂದಿ ಶನಿವಾರ ರಾತ್ರಿ ಪ್ರೀಮಿಯರ್ ಲೀಗ್ ಬಿಟ್ಟು ಕಂಠೀರವಕ್ಕೆ ಹೋಗುತ್ತಾರೆ ಎಂಬುದು ಬೇರೆ ಮಾತು.

ಇದೇ ಮಾತನ್ನು ಛೆಟ್ರಿ ನೇರವಾಗಿ ಕೇಳಿದ್ದರು. 2018ರ ಜೂನ್ 1ರಂದು ಅಂಧೇರಿಯಲ್ಲಿ ಭಾರತ 5-0ರಿಂದ ಚೈನೀಸ್ ತೈಪೆಯನ್ನು ಸೋಲಿಸಿದಾಗ ಛೆಟ್ರಿ ಹ್ಯಾಟ್ರಿಕ್ ಬಾರಿಸಿದ್ದರು. ನೋಡಲು ಬಂದಿದ್ದವರು 2,569 ಮಂದಿ. ಮರುದಿನ ವಿಡಿಯೊ ಸಂದೇಶದಲ್ಲಿ ಅವರು, ಯುರೋಪಿನ ಕ್ಲಬ್‌ಗಳನ್ನು ಬೆಂಬಲಿಸುವವರೂ ಬನ್ನಿ, ನಮ್ಮ ಆಟ ಆ ಮಟ್ಟದ್ದಲ್ಲ ನಿಜ, ಬೈಯುವುದಿದ್ದರೂ ಕ್ರೀಡಾಂಗಣಕ್ಕೆ ಬಂದು ಬೈಯಿರಿ ಎಂದು ಕೈಮುಗಿದು ಕೇಳಿಕೊಂಡರು. ಜೂನ್ 4ರ ಕೀನ್ಯಾ ಪಂದ್ಯದ ಟಿಕೆಟ್ ಪೂರ್ತಿ ಮಾರಾಟವಾದವು. ಅದು ಛೆಟ್ರಿಯ 100ನೇ ಅಂತರರಾಷ್ಟ್ರೀಯ ಪಂದ್ಯ. ಸಿಕಂದರಾಬಾದ್‌ನಲ್ಲಿ ಹುಟ್ಟಿದ, ದೆಹಲಿಯಲ್ಲಿ ಆಡಿ ಬೆಳೆದ ಅವರನ್ನು ಬೆಂಗಳೂರು ತನ್ನವನೆಂದುಕೊಂಡು ಆಗಲೇ ಐದು ವರ್ಷ ಕಳೆದಿತ್ತು.

ಗೋಲುಗಳ ಪಟ್ಟಿಗೆ ತಡವಾಗಿ ಸೇರಿದ್ದು 2025ರ ಏಪ್ರಿಲ್ 6ರ ಗೋಲು. ಐಎಸ್‌ಎಲ್ ಸೆಮಿಫೈನಲ್‌ನ ಎರಡನೇ ಲೆಗ್, ಗೋವಾದ ಫಟೋರ್ಡಾ. ತವರಲ್ಲಿ 2-0 ಗೆದ್ದು ಬಂದಿದ್ದ ಬಿಎಫ್‌ಸಿ ಅಲ್ಲಿ 0-2 ಹಿಂದಿತ್ತು, ಒಟ್ಟಾರೆ ಸ್ಕೋರ್ ಸಮ. ಬದಲಿ ಆಟಗಾರನಾಗಿ ಇಳಿದಿದ್ದ 40 ವರ್ಷದ ಛೆಟ್ರಿ 92ನೇ ನಿಮಿಷದಲ್ಲಿ ನಾಮ್‌ಗ್ಯಾಲ್ ಭುಟಿಯಾ ಕ್ರಾಸ್‌ಗೆ ತಲೆ ತಾಗಿಸಿದರು. ತಂಡ ಫೈನಲ್ ತಲುಪಿತು. ಅಲ್ಲಿ ಹೆಚ್ಚುವರಿ ಸಮಯದಲ್ಲಿ ಗೆದ್ದಿದ್ದು ಮತ್ತದೇ ಮೋಹನ್ ಬಾಗಾನ್, 2-1.

ಆ ಫೈನಲ್ ನಂತರದ ಬೇಸಿಗೆ ಕಳೆಯುವಷ್ಟರಲ್ಲಿ ಲೀಗ್‌ನ ಅಸ್ತಿತ್ವವೇ ಪ್ರಶ್ನೆಯಾಯಿತು. ಫೆಡರೇಷನ್ ಮತ್ತು ಲೀಗ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ನಡುವಿನ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು, ನವೀಕರಣ ಆಗಿರಲಿಲ್ಲ. ಜುಲೈನಲ್ಲಿ ಹೊಸ ಋತುವನ್ನು ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬಿಎಫ್‌ಸಿ ತನ್ನ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸುವುದಾಗಿ ಪ್ರಕಟಿಸಿತು. ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಕಂಠೀರವದಲ್ಲಿ ನೀಲಿ ಬಾವುಟ ಬಿಚ್ಚುವ ವೆಸ್ಟ್ ಬ್ಲಾಕ್‌ಗೆ ಆ ವರ್ಷದ ಶರತ್ಕಾಲದಲ್ಲಿ ಐಎಸ್‌ಎಲ್ ಪಂದ್ಯಗಳೇ ಇರಲಿಲ್ಲ. ಮಾತಾಡಲು ಉಳಿದಿದ್ದವು ಬೆಲ್ಲೊ, ಭೇಕೆ ಮತ್ತು ಆ ವಿಸಿಲ್.