ಕೊಪ್ಪಳ ಲೋಕಸಭಾ ಕ್ಷೇತ್ರ: ಎಲ್ಲೆಗಳು ಮತ್ತು ಚುನಾವಣೆಗಳ ಇತಿಹಾಸ

ಪೀಠಿಕೆ

ಪ್ರಾಚೀನ ಶಾಸನಗಳಲ್ಲಿ ಕೊಪಣವೆಂದು ಹೆಸರಾದ ಕೊಪ್ಪಳದ ಧಾರ್ಮಿಕ ಹಾಗೂ ಸಾಂಸ್ಕೃತಿಕ ಚರಿತ್ರೆಯನ್ನು ಕುರಿತು ಸಾಕಷ್ಟು ಅಧ್ಯಯನಗಳು ನಡೆದಿವೆ. ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕನ ಶಾಸನಗಳು, ಜೈನ ಬಸದಿಗಳು, ಕೋಟೆ ಕೊತ್ತಲಗಳು ವಿದ್ವಾಂಸರ ಗಮನವನ್ನು ನಿರಂತರವಾಗಿ ಸೆಳೆದಿವೆ. ಆದರೆ ಸ್ವಾತಂತ್ರ್ಯೋತ್ತರ ಕಾಲದಲ್ಲಿ ಈ ಪ್ರದೇಶವು ಒಂದು ರಾಜಕೀಯ ಘಟಕವಾಗಿ ರೂಪುಗೊಂಡ ಬಗೆ ಅಷ್ಟಾಗಿ ಚರ್ಚೆಗೆ ಒಳಗಾಗಿಲ್ಲ. ಕೊಪ್ಪಳ ಜಿಲ್ಲೆ ಅಸ್ತಿತ್ವಕ್ಕೆ ಬಂದುದು 1997ರಲ್ಲಿ. ಕೊಪ್ಪಳ ಲೋಕಸಭಾ ಕ್ಷೇತ್ರವಾದರೋ 1957ರಿಂದಲೇ ಅಸ್ತಿತ್ವದಲ್ಲಿದೆ. ಜಿಲ್ಲೆಗಿಂತ ನಾಲ್ಕು ದಶಕಗಳಷ್ಟು ಹಿರಿದಾದ ಈ ಕ್ಷೇತ್ರದ ಎಲ್ಲೆಗಳು ಹೇಗೆ ನಿರ್ಧಾರವಾದವು, ಅವು ಚುನಾವಣೆಗಳ ಸ್ವರೂಪವನ್ನು ಹೇಗೆ ಪ್ರಭಾವಿಸಿದವು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಚಾರಿತ್ರಿಕ ಹಿನ್ನೆಲೆ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಈ ನಾಲ್ಕೂ ತಾಲೂಕುಗಳು ಹೈದರಾಬಾದ್ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದವು. ಆದರೂ ಇವುಗಳ ಆಡಳಿತ ಏಕರೂಪವಾಗಿರಲಿಲ್ಲ. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿದ್ದವು. ಗಂಗಾವತಿ ಮತ್ತು ಕುಷ್ಟಗಿ ತಾಲೂಕುಗಳು ಲಿಂಗಸುಗೂರು ಜಿಲ್ಲೆ 1905ರಲ್ಲಿ ರದ್ದಾದ ಮೇಲೆ ರಾಯಚೂರು ಜಿಲ್ಲೆಗೆ ಸೇರಿಕೊಂಡವು. ತುಂಗಭದ್ರೆಯ ಆಚೆ ದಡದಲ್ಲಿದ್ದ ಸಿರುಗುಪ್ಪ ಪ್ರದೇಶವು ಬ್ರಿಟಿಷರ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಪಶ್ಚಿಮಕ್ಕೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ ಇತ್ತು. ಹೀಗೆ ಮೂರು ಆಡಳಿತಗಳ ಗಡಿ ಕೂಡುವ ನೆಲ ಇದಾಗಿತ್ತು.

ಹೈದರಾಬಾದ್ ವಿಮೋಚನಾ ಹೋರಾಟದ ಕಾಲದಲ್ಲಿ ಈ ಗಡಿಯೇ ಹೋರಾಟಗಾರರಿಗೆ ಅನುಕೂಲವಾಗಿ ಪರಿಣಮಿಸಿತು. ಗಡಿಯಾಚೆಯ ಮುಂಡರಗಿಯಲ್ಲಿ ಸ್ಥಾಪನೆಯಾದ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿಸ್ವಾಮಿಗಳು ನಾಯಕರಾಗಿದ್ದರು. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದ ಒಕ್ಕೂಟಕ್ಕೆ ಸೇರಿತು. ಮರುವರ್ಷ ಜಹಗೀರುಗಳು ರದ್ದಾದುವು. ಆ ತರುವಾಯ ಕೇವಲ ಮೂರು ವರ್ಷಗಳಲ್ಲಿ ಈ ಭಾಗದ ಜನ ವಯಸ್ಕ ಮತದಾನದ ಹಕ್ಕಿನಿಂದ ಸಂಸತ್ತಿಗೆ ತಮ್ಮ ಪ್ರತಿನಿಧಿಯನ್ನು ಆರಿಸಿದರು.

ಕುಷ್ಟಗಿಯಿಂದ ಕೊಪ್ಪಳಕ್ಕೆ

1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಈ ಪ್ರದೇಶದ ಲೋಕಸಭಾ ಕ್ಷೇತ್ರಕ್ಕೆ ಕುಷ್ಟಗಿ ಎಂಬ ಹೆಸರಿತ್ತು. ಹೈದರಾಬಾದ್ ರಾಜ್ಯದ ಕ್ಷೇತ್ರಗಳಲ್ಲಿ ಅದೂ ಒಂದು. ಅಲ್ಲಿಂದ ಆಯ್ಕೆಯಾದವರು ಶಿವಮೂರ್ತಿಸ್ವಾಮಿಗಳೇ; ಅವರು ಪಕ್ಷೇತರರಾಗಿ ಗೆದ್ದರು. ವಿಮೋಚನಾ ಹೋರಾಟದಲ್ಲಿ ಗಳಿಸಿದ ಜನವಿಶ್ವಾಸವು ಪಕ್ಷದ ಆಸರೆಯಿಲ್ಲದೆಯೂ ಮತವಾಗಿ ಪರಿವರ್ತನೆಗೊಂಡುದಕ್ಕೆ ಇದು ನಿದರ್ಶನ.

1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆ ಜಾರಿಗೆ ಬಂದಾಗ ಆಲಂಪುರ ಮತ್ತು ಗದ್ವಾಲ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿ, ರಾಯಚೂರು ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂದಿತು. 1957ರ ಚುನಾವಣೆಯ ವೇಳೆಗೆ ಕುಷ್ಟಗಿ ಎಂಬ ಲೋಕಸಭಾ ಕ್ಷೇತ್ರದ ಹೆಸರು ಮರೆಯಾಗಿ ಕೊಪ್ಪಳದ ಹೆಸರು ಬಂದಿತು. ಅಂದಿನಿಂದ ಒಂದೇ ಜಿಲ್ಲೆಯೊಳಗೆ ರಾಯಚೂರು, ಕೊಪ್ಪಳ ಎಂಬ ಎರಡು ಲೋಕಸಭಾ ಕ್ಷೇತ್ರಗಳ ಕೇಂದ್ರಗಳು ಕಾಣಿಸಿಕೊಂಡವು. ಜಿಲ್ಲಾ ಕೇಂದ್ರವಲ್ಲದ ಕೊಪ್ಪಳಕ್ಕೆ ದಿಲ್ಲಿಯ ಸಂಸತ್ತಿನಲ್ಲಿ ಸ್ವಂತ ಹೆಸರು ದೊರೆತುದು ಹೀಗೆ. ಮುಂದೆ ಪ್ರತ್ಯೇಕ ಜಿಲ್ಲೆ ರಚನೆಯಾದಾಗ ಆ ಹೆಸರು ರಾಜಕೀಯವಾಗಿ ಹೊಸದಾಗಿರಲಿಲ್ಲ ಎಂಬ ಅಂಶ ಗಮನಾರ್ಹ.

ಪ್ರತಿನಿಧಿಗಳ ಪರಂಪರೆ

1957ರಲ್ಲಿ ಕಾಂಗ್ರೆಸ್ಸಿನ ಎಸ್.ಎ. ಅಗಡಿ ಆಯ್ಕೆಯಾದರು. 1962ರಲ್ಲಿ ಶಿವಮೂರ್ತಿಸ್ವಾಮಿಗಳು ಲೋಕ ಸೇವಕ ಸಂಘದಿಂದ ಸ್ಪರ್ಧಿಸಿ ಮತ್ತೆ ಸಂಸತ್ತನ್ನು ಪ್ರವೇಶಿಸಿದರು. 1967ರಲ್ಲಿ ಅಗಡಿಯವರು ಪುನಃ ಗೆದ್ದರು. 1971 ಮತ್ತು 1977ರಲ್ಲಿ ಕಾಂಗ್ರೆಸ್ಸಿನ ಸಿದ್ರಾಮೇಶ್ವರಸ್ವಾಮಿ, 1980 ಮತ್ತು 1984ರಲ್ಲಿ ಅದೇ ಪಕ್ಷದ ಗಂಗಾವತಿಯ ಎಚ್.ಜಿ. ರಾಮುಲು ಈ ಕ್ಷೇತ್ರವನ್ನು ಪ್ರತಿನಿಧಿಸಿದರು.

ಈ ಕ್ಷೇತ್ರದ ವೈಶಿಷ್ಟ್ಯ ಎದ್ದು ಕಾಣುವುದು 1989 ಮತ್ತು 1991ರ ಚುನಾವಣೆಗಳಲ್ಲಿ. 1989ರಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 27 ಕಾಂಗ್ರೆಸ್ಸಿನ ಪಾಲಾದುವು. ಉಳಿದ ಒಂದು ಸ್ಥಾನ ಕೊಪ್ಪಳ. ಅಲ್ಲಿ ಜನತಾದಳದ ಬಸವರಾಜ ಪಾಟೀಲ ಅನ್ವರಿ ಗೆದ್ದರು. ಎರಡೇ ವರ್ಷಗಳ ಅನಂತರ, 1991ರಲ್ಲಿ ಅನ್ವರಿಯವರು ಕಾಂಗ್ರೆಸ್ ಅಭ್ಯರ್ಥಿಯಾಗಿದ್ದರು. ಜನತಾದಳದಿಂದ ಸ್ಪರ್ಧಿಸಿದವರು ಮಾಜಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ. ರಾಜ್ಯಮಟ್ಟದ ಹಿರಿಯ ನಾಯಕರಾಗಿದ್ದರೂ ಬೊಮ್ಮಾಯಿ ಅವರು ಪರಾಭವಗೊಂಡರು. ಒಬ್ಬರೇ ವ್ಯಕ್ತಿ ಎರಡು ಪಕ್ಷಗಳಿಂದ, ಒಮ್ಮೆ ರಾಜ್ಯದ ಅಲೆಗೆ ಎದುರಾಗಿ, ಇನ್ನೊಮ್ಮೆ ಅದರ ಜೊತೆಗೆ ಗೆದ್ದುದನ್ನು ಪರಿಶೀಲಿಸಿದರೆ, ಪಕ್ಷದ ಚಿಹ್ನೆಯಷ್ಟೇ ಸ್ಥಳೀಯ ವರ್ಚಸ್ಸಿಗೂ ಇಲ್ಲಿ ತೂಕವಿತ್ತೆಂದು ಭಾವಿಸಬಹುದು.

1996ರಲ್ಲಿ ಜನತಾದಳದ ಬಸವರಾಜ ರಾಯರೆಡ್ಡಿ ಗೆದ್ದರು. 1998 ಮತ್ತು 1999ರಲ್ಲಿ ಎಚ್.ಜಿ. ರಾಮುಲು ಮರಳಿ ಬಂದು ಒಟ್ಟು ನಾಲ್ಕು ಬಾರಿ ಆಯ್ಕೆಯಾದ ಗೌರವಕ್ಕೆ ಪಾತ್ರರಾದರು. 2004ರಲ್ಲಿ ಕಾಂಗ್ರೆಸ್ಸಿನ ಕೆ. ವಿರೂಪಾಕ್ಷಪ್ಪ ವಿಜಯಿಯಾದರು.

ಪುನರ್ವಿಂಗಡಣೆಯ ಲೆಕ್ಕಾಚಾರ

1997ರ ಆಗಸ್ಟ್‌ನಲ್ಲಿ ರಾಯಚೂರು ಜಿಲ್ಲೆಯಿಂದ ನಾಲ್ಕು ತಾಲೂಕುಗಳನ್ನು ಬೇರ್ಪಡಿಸಿ ಕೊಪ್ಪಳ ಜಿಲ್ಲೆಯನ್ನು ರಚಿಸಲಾಯಿತು. ಜಿಲ್ಲೆಯ ಗಡಿಯೂ ಕ್ಷೇತ್ರದ ಗಡಿಯೂ ಒಂದೇ ಆಗಬೇಕಿತ್ತೆಂದು ಯಾರಿಗಾದರೂ ತೋರಬಹುದು. ಹಾಗೆ ಆಗದಿರಲು ಕಾರಣ ಸರಳವಾದ ಗಣಿತ. ರಾಜ್ಯದಲ್ಲಿ ವಿಧಾನಸಭಾ ಸ್ಥಾನಗಳು 224, ಲೋಕಸಭಾ ಸ್ಥಾನಗಳು 28. ಅಂದರೆ ಪ್ರತಿಯೊಂದು ಲೋಕಸಭಾ ಕ್ಷೇತ್ರಕ್ಕೂ ಎಂಟು ವಿಧಾನಸಭಾ ಕ್ಷೇತ್ರಗಳು ಬೇಕು. ಕೊಪ್ಪಳ ಜಿಲ್ಲೆಯಲ್ಲಿರುವುದು ಕೊಪ್ಪಳ, ಗಂಗಾವತಿ, ಕನಕಗಿರಿ, ಕುಷ್ಟಗಿ, ಯಲಬುರ್ಗಾ ಎಂಬ ಐದು ಮಾತ್ರ. ಉಳಿದ ಮೂರನ್ನು ಹೊರಗಿನಿಂದ ತರಲೇಬೇಕು.

2001ರ ಜನಗಣತಿಯನ್ನು ಆಧರಿಸಿ, ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗವು ಮಾಡಿದ ಪುನರ್ವಿಂಗಡಣೆ 2008ರಲ್ಲಿ ಜಾರಿಗೆ ಬಂದಿತು. ಅದರಂತೆ ರಾಯಚೂರು ಜಿಲ್ಲೆಯ ಸಿಂಧನೂರು ಮತ್ತು ಹೊಸದಾಗಿ ರೂಪುಗೊಂಡ ಮಸ್ಕಿ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಈ ಕ್ಷೇತ್ರದ ಭಾಗಗಳಾದವು. ಮಸ್ಕಿ ಮತ್ತು ಸಿರುಗುಪ್ಪ ಪರಿಶಿಷ್ಟ ಪಂಗಡಕ್ಕೆ, ಕನಕಗಿರಿ ಪರಿಶಿಷ್ಟ ಜಾತಿಗೆ ಮೀಸಲಾದವು. ನೆರೆಯ ರಾಯಚೂರು ಮತ್ತು ಬಳ್ಳಾರಿ ಲೋಕಸಭಾ ಕ್ಷೇತ್ರಗಳೆರಡೂ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರಗಳಾದಾಗ ಅವುಗಳ ನಡುವಿನ ಕೊಪ್ಪಳ ಸಾಮಾನ್ಯ ಕ್ಷೇತ್ರವಾಗಿ ಉಳಿಯಿತು. ಕನಕಗಿರಿ ತಾಲೂಕಾಗುವುದಕ್ಕೆ ಬಹು ಮೊದಲೇ ವಿಧಾನಸಭಾ ಕ್ಷೇತ್ರವಾಗಿತ್ತೆಂಬುದೂ ಇಲ್ಲಿ ಉಲ್ಲೇಖನೀಯ. ಚುನಾವಣಾ ಎಲ್ಲೆ ಮುಂದೆ ಸಾಗಿ ಕಂದಾಯದ ಎಲ್ಲೆ ಹಿಂಬಾಲಿಸಿದುದಕ್ಕೆ ಇದು ಎರಡನೆಯ ಉದಾಹರಣೆ.

ನೀರಾವರಿ ಮತ್ತು ಒಣಭೂಮಿ

ಈ ಎಲ್ಲೆಯ ಪರಿಣಾಮವನ್ನು ಭೂಗೋಳದಿಂದ ಅರಿಯಬೇಕು. 1945ರಲ್ಲಿ ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ್ಯಗಳು ಜಂಟಿಯಾಗಿ ಕೈಗೊಂಡ ತುಂಗಭದ್ರಾ ಯೋಜನೆಯ ಎಡದಂಡೆ ಕಾಲುವೆ ಕೊಪ್ಪಳ ತಾಲೂಕಿನ ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು ಭಾಗಗಳನ್ನು ಭತ್ತದ ನಾಡಾಗಿಸಿತು. ಬಲದಂಡೆಯ ನೀರು ಸಿರುಗುಪ್ಪಕ್ಕೆ ಹರಿಯಿತು. ಕುಷ್ಟಗಿ, ಯಲಬುರ್ಗಾ ತಾಲೂಕುಗಳಾದರೋ ಬಹುಮಟ್ಟಿಗೆ ಮಳೆಯನ್ನೇ ನಂಬಿದ ಒಣಭೂಮಿಗಳಾಗಿ ಉಳಿದವು. ಹಿಂದೆ ನಿಜಾಮನ ಮತ್ತು ಕಂಪನಿಯ ಗಡಿಯಾಗಿದ್ದ ನದಿಯ ಎರಡೂ ದಡಗಳು ಈಗ ಒಂದೇ ಕ್ಷೇತ್ರದಲ್ಲಿವೆ. ಆದರೆ ಕಾಲುವೆಯ ನೀರನ್ನು ಕಾಯುವ ರೈತ ಮತ್ತು ಮಳೆಯನ್ನು ಕಾಯುವ ರೈತ ಇಬ್ಬರ ಬೇಡಿಕೆಗಳೂ ಒಬ್ಬನೇ ಸಂಸದನ ಮುಂದಿವೆ.

2008ರ ಅನಂತರದ ಚುನಾವಣೆಗಳು

ಹೊಸ ಎಲ್ಲೆಯ ಮೊದಲ ಲೋಕಸಭಾ ಚುನಾವಣೆಯಲ್ಲಿ, 2009ರಲ್ಲಿ, ಭಾರತೀಯ ಜನತಾ ಪಕ್ಷದ ಶಿವರಾಮಗೌಡ ಗೆದ್ದರು. 2014 ಮತ್ತು 2019ರಲ್ಲಿ ಅದೇ ಪಕ್ಷದ ಕರಡಿ ಸಂಗಣ್ಣ ಅಮರಪ್ಪ ಆಯ್ಕೆಯಾದರು. 2019ರಲ್ಲಿ ಅವರೆದುರು ಸೋತ ಕಾಂಗ್ರೆಸ್ಸಿನ ರಾಜಶೇಖರ ಹಿಟ್ನಾಳ 2024ರಲ್ಲಿ ವಿಜಯಿಯಾದರು. ಆ ಚುನಾವಣೆಗೆ ಮುನ್ನ ಟಿಕೆಟ್ ದೊರೆಯದ ಸಂಗಣ್ಣ ಕಾಂಗ್ರೆಸ್ಸನ್ನು ಸೇರಿದ್ದರು. ರಾಜ್ಯದಲ್ಲಿ ಭಾರತೀಯ ಜನತಾ ಪಕ್ಷ 17 ಸ್ಥಾನಗಳನ್ನು ಪಡೆದ ಆ ವರ್ಷ ಬೀದರ, ಕಲಬುರಗಿ, ರಾಯಚೂರು, ಬಳ್ಳಾರಿ, ಕೊಪ್ಪಳ ಐದೂ ಕಾಂಗ್ರೆಸ್ಸಿನ ಪಾಲಾದುವು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಕೊಪ್ಪಳದ ರಾಜಕೀಯ ಅನನ್ಯತೆ ಜಿಲ್ಲಾ ರಚನೆಯಿಂದ ಹುಟ್ಟಿದುದಲ್ಲ. ಲೋಕಸಭಾ ಕ್ಷೇತ್ರವು ಅದಕ್ಕೆ ಮೊದಲೇ ಹೆಸರು ನೀಡಿತ್ತು. ಎರಡನೆಯದು, ಕ್ಷೇತ್ರದ ಹೆಸರು ಸ್ಥಿರವಾಗಿದ್ದರೂ ಅದರ ನೆಲ ಸ್ಥಿರವಲ್ಲ. ಆದ್ದರಿಂದ 1957ರ ಕೊಪ್ಪಳದ ಫಲಿತಾಂಶವನ್ನೂ 2009ರ ಕೊಪ್ಪಳದ ಫಲಿತಾಂಶವನ್ನೂ ಒಂದೇ ಮತದಾರ ಸಮುದಾಯದ ತೀರ್ಪೆಂದು ಹೋಲಿಸುವುದು ತಪ್ಪು ನಿರ್ಣಯಕ್ಕೆ ಎಡೆಮಾಡಿಕೊಡುತ್ತದೆ. ಕ್ಷೇತ್ರದ ಎಂಟು ಭಾಗಗಳಲ್ಲಿ ಮೂರು ಜಿಲ್ಲೆಯ ಹೊರಗಿರುವಾಗ ಕ್ಷೇತ್ರದ ತೀರ್ಪನ್ನು ಜಿಲ್ಲೆಯ ತೀರ್ಪೆಂದು ಕರೆಯುವುದೂ ಸಲ್ಲದು. ಚುನಾವಣಾ ಇತಿಹಾಸದ ಅಧ್ಯಯನ ಗೆದ್ದವರ ಪಟ್ಟಿಯಿಂದಲ್ಲ, ಎಲ್ಲೆಯ ನಕ್ಷೆಯಿಂದ ಆರಂಭವಾಗಬೇಕು.